ಗಂಗಕ್ಕ ಓದಿ ಹೇಳಿದ ಕಾಗದಗಳು

ಚನ್ನಪಟ್ಟಣ
20-2-1994

ಅವ್ವ,

ಕಾಗದದ ಮೊದಲಿಗೆ ನಾನಿಲ್ಲಿ ಕ್ಷೇಮ ಎಂದು ಬರೆಯಬೇಕು. ಬಲಗೈ ಹೆಬ್ಬೆರಳು ಸೀಳಿ ಬಟ್ಟೆ ಸುತ್ತಿಕೊಂಡಿದ್ದೇನೆ, ಹಾಗಾಗಿ ಕ್ಷೇಮ ಎಂದು ಬರೆಯಲಾರೆ. ಮಿಕ್ಕ ಒಂಬತ್ತು ಬೆರಳು ಕ್ಷೇಮ.

ಗಂಗಕ್ಕ ಇದನ್ನು ನಿನಗೆ ಓದಿ ಹೇಳುವಾಗ ಒಂದು ಅಕ್ಷರವನ್ನೂ ಬಿಡಬಾರದು. ಬಸ್ಸು ಹತ್ತಿಸುವಾಗ ನೀನು ಹೇಳಿದ್ದು ನೆನಪಿದೆ. “ನಿನ್ ಬಾಯಿಂದ ನಮ್ಗೆ ಇದುವರ್ಗೂ ಒಂದು ಉಪ್ಕಾರ ಆಗಿಲ್ಲ. ಇದೊಂದ್ಸಲ ಆಗ್ಲಿ. ಆ ಊರು ಹೆಂಗೈತೋ ಹಂಗೇ ಬರಿ. ನಿನ್ ಕಾಗ್ದ ಕೇಳ್ಕಂಡೇ ನಾನು ಹೂಂ ಅನ್ನೋದು, ಊಹೂಂ ಅನ್ನೋದು.” ಮೇ ತಿಂಗಳು ಕಳೆಯುವುದರೊಳಗೆ ಕಬ್ಬನ್‌ಪೇಟೆ ಮನೆ ಬಿಡಬೇಕು, ಓನರ್ರು ಕೆಡವಿ ಕಟ್ಟಿಸುತ್ತಾರೆ, ಲಗ್ಗೆರೆ ಕಡೆಗೆ ಹೋಗುವುದೋ ನನ್ನ ಹಿಂದೆ ಇಲ್ಲಿಗೆ ಬರುವುದೋ ಎನ್ನುವುದು ನಿನ್ನ ಪ್ರಶ್ನೆ. ಉತ್ತರ ಬರೆಯುತ್ತೇನೆ.

ಗೌಸ್ ಭಾಯ್ ಒಳ್ಳೆಯವರು. ಅವೆನ್ಯೂ ರಸ್ತೆಯಲ್ಲಿ ನಾನಿದ್ದ ಅಂಗಡಿಗೆ ಗೊಂಬೆ ಮೂಟೆ ತಂದುಹಾಕುತ್ತಿದ್ದಾಗ ಹೇಗಿದ್ದರೋ ಇಲ್ಲೂ ಹಾಗೇ ಇದ್ದಾರೆ. ಅವರ ಲೇತಿನ ಶೆಡ್ಡಿನಲ್ಲಿ ಆರು ಜನ ಕೂತು ಮರ ಕಡೆಯುತ್ತೇವೆ. ಹಾಲೆ ಮರದ ತುಂಡು ತಿರುಗುತ್ತಿರುವಾಗ ಉಳಿ ಹಿಡಿಯಬೇಕು, ಆಮೇಲೆ ಬಣ್ಣದ ಅರಗಿನ ಕಡ್ಡಿ ಒತ್ತಬೇಕು. ಕಾವಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಕೊನೆಗೆ ತಾಳೆಗರಿ ಉಜ್ಜಿದರೆ ಹೊಳಪು. ನೋಡಲು ಸುಲಭ. ಮೊದಲ ವಾರ ನಾನು ಕೆಡಿಸಿದ ಕಟ್ಟಿಗೆಯಲ್ಲಿ ಗುಲ್ಜಾರ್ ಬೀ, ಅಂದರೆ ಗೌಸ್ ಭಾಯ್‌ ಅವರ ತಾಯಿ, ಎರಡು ದಿನ ಅನ್ನ ಮಾಡಿದರು.

“ಮರ ಹೇಳ್ತದೆ ಕಣ್ಲಾ,” ಎಂದು ಗೌಸ್ ಭಾಯ್ ಬೈದರು. “ಉಳಿ ಸರಿಯಾಗಿ ಕೂತ್ರೆ ಒಂದು ಸದ್ದು, ಕಚ್ಚಿದ್ರೆ ಇನ್ನೊಂದು ಸದ್ದು. ಒಸಿ ಕಿವಿ ಕೊಡು. ನಿಂಗೆ ಬಾಯೈತೆ, ಕಿವಿ ಇಲ್ಲ.” ಅಷ್ಟು ಹೇಳಿ ಅವರು ಆಚೆ ಹೋಗಿದ್ದೇ ತಡ, ಬೆರಳು ಸೀಳಿತು.

ಇನ್ನು ಊರು. ಗುಲ್ಜಾರ್ ಬೀ ಮನೆಯ ಹಿಂದೆ ಎರಡು ಕೋಣೆ ಖಾಲಿ ಇವೆ, ಕೊಡುತ್ತಾರೆ. ಬಾವಿ ಇದೆ, ನೀರು ಸವುಳು. ಬೇಳೆ ಬೇಯುವುದಿಲ್ಲ. ನಲ್ಲಿ ನಾಲ್ಕು ದಿನಕ್ಕೊಮ್ಮೆ. ಶೀಟಿನ ಸೂರು, ಹಿತ್ತಲಲ್ಲಿ ಚೇಳು ಕಂಡೆ, ಎರಡು. ದೊಡ್ಡ ಕಾಯಿಲೆಯಾದರೆ ಬೆಂಗಳೂರಿಗೇ ಓಡಬೇಕು. ಗಂಗಕ್ಕನಿಗೆ ಮಗ್ಗದ ಶೆಡ್ಡಿನಂಥ ಕೆಲಸ ಇಲ್ಲಿಲ್ಲ. ಮಧ್ಯಾಹ್ನವಾದರೆ ಬೀದಿಯಲ್ಲಿ ನರಪಿಳ್ಳೆ ಇರುವುದಿಲ್ಲ. ಮೊನ್ನೆ ನಿಂತಿದ್ದೆ, ಪಕ್ಕದ ಮನೆಯ ಗೋಡೆ ಗಡಿಯಾರ ಟಿಕ್ ಟಿಕ್ ಎನ್ನುವುದು ಬೀದಿಗೆ ಕೇಳಿಸಿತು. ನನಗೆ ಗಾಬರಿಯಾಯಿತು. ಇಷ್ಟು ಸದ್ದಿಲ್ಲದ ಕಡೆ ಮನುಷ್ಯರು ಏನು ಮಾಡುತ್ತಾರೆ?

ನಾನು ಎಲ್ಲಿಯಾದರೂ ಇರುತ್ತೇನೆ. ನಿಮಗೆ ಈ ಊರು ಬೇಡ. ಲಗ್ಗೆರೆ ನೋಡಿ.

ನಿನ್ನ ಮಗ
ಚಲುವಯ್ಯ


ಬೆಂಗಳೂರು
4-3-1994

ಚಲುವಯ್ಯನಿಗೆ,

ಅವ್ವ ಹೇಳಿ ಬರೆಸುತ್ತಿರುವುದು. ನಿನ್ನ ಕಾಗದ ಬಂತು. ಗಂಗ ಎರಡು ಸಲ ಓದಿ ಹೇಳಿದಳು. ಊರು ಇಷ್ಟು ಚೆನ್ನಾಗಿರುತ್ತದೆ ಎಂದು ನಾನು ತಿಳಿದಿರಲಿಲ್ಲ. ಬಾವಿಯ ನೀರು ಎಳನೀರಿನ ಹಾಗಿದೆ ಎಂದು ಬರೆದಿದ್ದೀಯ, ಕೇಳಿ ಸಂತೋಷವಾಯಿತು. ಆಸ್ಪತ್ರೆ ಕೂಗಳತೆಯಲ್ಲಿ ಇದೆಯೆಂದರೆ ನನ್ನ ಮಂಡಿ ನೋವಿಗೂ ಆಯಿತು. ಗುಲ್ಜಾರ್ ಬೀ ಅವರಿಗೆ ಎರಡು ಕೋಣೆ ನಮಗೇ ಇಡಲು ಹೇಳು. ಲಗ್ಗೆರೆಯಿಂದ ಎರಡು ಬಸ್ಸು ಹತ್ತಿ ಗಂಗ ಕೆಲಸಕ್ಕೆ ಹೋಗುವುದು ಕಷ್ಟ.

ಬೆರಳು ಹುಷಾರು.

ಇಂತಿ
ಬೋರಮ್ಮ
(ಬರೆದವಳು ಗಂಗಲಕ್ಷ್ಮಿ)


ಚನ್ನಪಟ್ಟಣ
12-3-1994

ಅವ್ವ,

ನಿನ್ನ ಕಾಗದ ಓದಿ ನಾನು ಹಾಗೇ ಕೂತುಬಿಟ್ಟೆ. ಗೌಸ್ ಭಾಯ್ ಬಂದು ಯಾರು ತೀರಿಕೊಂಡರು ಎಂದು ಕೇಳಿದರು. ಯಾರೂ ಇಲ್ಲ, ಬಾವಿಯ ನೀರು ಎಳನೀರಾಗಿದೆ ಎಂದೆ.

ನಾನು ಸವುಳು ಎಂದು ಬರೆದಿದ್ದೆ. ಆಸ್ಪತ್ರೆಯ ಬಗ್ಗೆ ಕೂಗಳತೆ ಎಂದು ಬರೆದಿಲ್ಲ. ಪೋಸ್ಟಿನವರು ಬೇರೆ ಯಾರದೋ ಕಾಗದ ನಿಮಗೆ ಕೊಟ್ಟರೋ ಏನೋ ಎಂದು ಒಂದು ದಿನವೆಲ್ಲ ಯೋಚಿಸಿದೆ. ಆದರೆ ನಿನ್ನ ಉತ್ತರದಲ್ಲಿ ನನ್ನ ಬೆರಳಿನ ಮಾತಿದೆ. ಎಸೆಸೆಲ್ಸಿ ಗಣಿತದ ಪರೀಕ್ಷೆಯಲ್ಲಿ ಮೇಲ್ವಿಚಾರಕರು ಎಲ್ಲರಿಗೂ ಉತ್ತರ ಹೇಳಿಕೊಟ್ಟಾಗ ನಾನು ಬರೆದು, ಕೆಳಗೆ ‘ಇದು ನನ್ನ ಲೆಕ್ಕವಲ್ಲ, ಸಾರ್ ಹೇಳಿದ್ದು’ ಎಂದು ಸೇರಿಸಿ ಎದ್ದು ಬಂದವನು. ಅದಕ್ಕೆ ನೀನು ಮೂರು ದಿನ ಅನ್ನ ಹಾಕಲಿಲ್ಲ. ಅಂಥವನು ಸವುಳು ನೀರನ್ನು ಎಳನೀರು ಎನ್ನುತ್ತೇನೆಯೇ?

ತಡೆಯಲಾರದೆ ನಿನ್ನೆ ಎಸ್‌ಟಿಡಿ ಬೂತಿಗೆ ಹೋಗಿ ನಮ್ಮ ಬೀದಿಯ ಮುನಿರತ್ನಮ್ಮನ ಅಂಗಡಿಗೆ ಫೋನ್ ಮಾಡಿದೆ. ನೀನು ಮನೆಯಲ್ಲಿರಲಿಲ್ಲವಂತೆ, ಗಂಗಕ್ಕ ಬಂದಳು. ನಾನು ಕೇಳಿದ್ದಕ್ಕೆಲ್ಲ “ಹೂಂ, ಚೆನ್ನಾಗಿದ್ದೀವಿ” ಎನ್ನುತ್ತಾಳೆ. ಬಾವಿ ನೀರು ಸವುಳು ಕಣೇ ಎಂದೆ. “ಹೂಂ, ಚೆನ್ನಾಗಿದ್ದೀವಿ.” ರೇಗಿತು. ಕೊನೆಗೆ, “ಅಕ್ಕ, ನಾನು ಸತ್ತೋದೆ” ಎಂದೆ. “ಹೂಂ, ಒಳ್ಳೇದಾಯ್ತು” ಎಂದು ಇಟ್ಟುಬಿಟ್ಟಳು.

ಇದನ್ನು ಅವಳು ನಿನಗೆ ಓದುತ್ತಾಳೋ ಇಲ್ಲವೋ. ಓದಿದರೆ ಅವಳ ಮುಖ ಹೇಗಾಗುತ್ತದೆ ನೋಡಿಕೋ. ನೀರು ಸವುಳು. ಬರಬೇಡಿ.

ಚಲುವಯ್ಯ


ಬೆಂಗಳೂರು
2-4-1994

ಚಲುವಯ್ಯನಿಗೆ,

ಓನರ್ರಿಗೆ ಹೇಳಿಯಾಯಿತು. ಯುಗಾದಿ ಕಳೆದು ಇಪ್ಪತ್ತನಾಲ್ಕನೇ ತಾರೀಖು ಭಾನುವಾರ ಸಾಮಾನು ಹಾಕಿಕೊಂಡು ಬರುತ್ತೇವೆ. ಟೆಂಪೋ ಗೊತ್ತಾಗಿದೆ. ದಾರಿಯಲ್ಲಿ ಕೆಂಗಲ್ ಆಂಜನೇಯನಿಗೆ ಕಾಯಿ ಒಡೆದು ಬರಬೇಕೆಂದು ಅವ್ವನ ಆಸೆ. ನೀನು ಇನ್ನು ಕಾಗದ ಬರೆಯುವುದು ಬೇಡ, ಹೇಗೂ ಬರುತ್ತೇವಲ್ಲ.

ಬೋರಮ್ಮ
(ಬರೆದವಳು ಗಂಗಲಕ್ಷ್ಮಿ)


ಚನ್ನಪಟ್ಟಣ
7-4-1994

ಗಂಗಕ್ಕ,

ಈ ಕಾಗದ ನಿನಗೆ, ಅವ್ವನಿಗಲ್ಲ. ಹೋದ ಕಾಗದದಲ್ಲಿ ‘ಅವ್ವನ ಆಸೆ’ ಎಂದು ಬರೆದುಬಿಟ್ಟಿದ್ದೀಯ. ಅವ್ವ ಹೇಳಿ ಬರೆಸಿದ್ದರೆ ‘ನನ್ನ ಆಸೆ’ ಎಂದು ಇರಬೇಕಿತ್ತು. ನಾನು ಓದು ಬಿಟ್ಟವನು ನಿಜ, ಓದಲು ಬಾರದವನಲ್ಲ.

ನನ್ನ ಎರಡು ಕಾಗದವನ್ನೂ ನೀನು ಅವ್ವನಿಗೆ ಸುಳ್ಳಾಗಿ ಓದಿದ್ದೀಯ. ಅವಳು ಹೇಳಿದ್ದನ್ನೂ ನನಗೆ ಸುಳ್ಳಾಗಿ ಬರೆದಿದ್ದೀಯ. ನನ್ನ ಹೆಸರಿನಲ್ಲಿ ಸುಳ್ಳು ಹೇಳಲು ನಿನಗೆ ಯಾರು ಅಧಿಕಾರ ಕೊಟ್ಟರು? ನನಗೆ ಈ ಲೋಕದಲ್ಲಿ ನೆಟ್ಟಗೊಂದು ಕೆಲಸ ಬರುವುದಿಲ್ಲ, ಪರೀಕ್ಷೆ ಪಾಸಿಲ್ಲ. ಹೇಳಿದ ಮಾತು ನಿಜ ಎನ್ನುವುದೊಂದಿತ್ತು. ಅದನ್ನೂ ತೆಗೆದುಬಿಟ್ಟೆ. ಅವ್ವ ನನ್ನ ಮಾತು ನಂಬಿ ಮನೆ ಬಿಡುತ್ತಿದ್ದಾಳೆ, ಆ ಮಾತು ನನ್ನದಲ್ಲ.

ಇಪ್ಪತ್ತರವರೆಗೆ ಕಾಯುತ್ತೇನೆ. ನೀನು ಕಾರಣ ಬರೆಯದಿದ್ದರೆ ಮುಂದಿನ ಕಾಗದ ಮುನಿರತ್ನಮ್ಮನ ಹೆಸರಿಗೆ ಹೋಗುತ್ತದೆ. ಅವರು ಅಂಗಡಿ ಕಟ್ಟೆಯ ಮೇಲೆ ನಿಂತು ಬೀದಿಗೆಲ್ಲ ಕೇಳುವಂತೆ ಅವ್ವನಿಗೆ ಓದುತ್ತಾರೆ.

ಚಲುವಯ್ಯ


ಬೆಂಗಳೂರು
13-4-1994

ಚಲುವ,

ಬೀದಿಗೆಲ್ಲ ಕೇಳುವಂತೆ ಓದಿದರೂ ನನಗೆ ಕೇಳಿಸುವುದಿಲ್ಲ. ಇದೇ ಕಾರಣ. ನನಗೆ ಕಿವಿ ಹೋಗಿದೆ.

ಮುಂದಕ್ಕೆ ಹೇಗೆ ಬರೆಯಬೇಕೋ ಗೊತ್ತಾಗುತ್ತಿಲ್ಲ. ಇದನ್ನು ಇದುವರೆಗೆ ಯಾರಿಗೂ ಹೇಳಿಲ್ಲ, ಬರೆದೂ ಇಲ್ಲ.

ಕಂಡಿಕೆಗೆ ರೇಷ್ಮೆ ಎಳೆ ಸುತ್ತಲು ಶೆಡ್ಡಿಗೆ ಸೇರಿ ಒಂಬತ್ತು ವರ್ಷವಾಯಿತು. ಇಪ್ಪತ್ತನಾಲ್ಕು ಪವರ್‌ಲೂಮು, ತಗಡಿನ ಸೂರು. ಅಲ್ಲಿ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ ಎಂದು ನಿನಗೆ ಗೊತ್ತು, ನೀನೇ ಊಟ ತಂದುಕೊಟ್ಟಾಗ ನೋಡಿದ್ದೀಯ. ಎಲ್ಲರೂ ತುಟಿ ನೋಡಿ, ಕೈ ನೋಡಿ ಮಾತಾಡುತ್ತೇವೆ. ಅದಕ್ಕೇ ನನ್ನ ಕಿವಿ ಹೋದದ್ದು ಅಲ್ಲಿ ಒಬ್ಬರಿಗೂ ಗೊತ್ತಾಗಲಿಲ್ಲ. ನನಗೂ ಗೊತ್ತಾಗಲಿಲ್ಲ. ಕರೆಂಟು ಹೋದಾಗ ಮಗ್ಗಗಳು ನಿಲ್ಲುತ್ತವಲ್ಲ, ಆಗ ಎಲ್ಲರೂ ಉಸ್ಸಪ್ಪ ಎಂದು ಒಟ್ಟಿಗೆ ಬಾಯಿ ಬಿಡುತ್ತಾರೆ. ಎರಡು ವರ್ಷದ ಹಿಂದೆ ಒಂದು ದಿನ ಕರೆಂಟು ಹೋಯಿತು. ಇಪ್ಪತ್ತನಾಲ್ಕು ಮಗ್ಗವೂ ನಿಂತದ್ದು ಕಣ್ಣಿಗೆ ಕಂಡಿತು. ನನ್ನ ತಲೆಯೊಳಗೆ ಮಾತ್ರ ನಿಲ್ಲಲಿಲ್ಲ. ಈ ಕಾಗದ ಬರೆಯುವಾಗಲೂ ನಡೆಯುತ್ತಿದೆ. ಮಗ್ಗದ ಸದ್ದು ಬಿಟ್ಟು ಬೇರೇನೂ ಒಳಕ್ಕೆ ಬರುವುದಿಲ್ಲ.

ಆಸ್ಪತ್ರೆಯಲ್ಲಿ ತೋರಿಸಿದೆ. ನರ ಸತ್ತಿದೆ, ಮತ್ತೆ ಬರುವುದಿಲ್ಲ, ಶೆಡ್ಡು ಬಿಡಬೇಕು ಎಂದು ಡಾಕ್ಟರು ಚೀಟಿಯಲ್ಲಿ ಬರೆದುಕೊಟ್ಟರು. ಚೀಟಿ ನನ್ನ ಕುಪ್ಪಸದ ಟ್ರಂಕಿನ ತಳದಲ್ಲಿದೆ.

ಜನವರಿಯಲ್ಲಿ ಮಾರ್ಕೆಟ್ಟಿನ ಹತ್ತಿರ ರಸ್ತೆ ದಾಟುತ್ತಿದ್ದೆ. ಹೂ ಮಾರುವ ಹೆಂಗಸೊಬ್ಬಳು ಜಡೆ ಹಿಡಿದು ಹಿಂದಕ್ಕೆಳೆದಳು. ತಿರುಗಿದೆ, ಮೂಗಿನ ತುದಿಯಲ್ಲಿ ಬಸ್ಸು ಹೋಯಿತು. ಡ್ರೈವರು ಕಿಟಕಿಯಿಂದ ಬಗ್ಗಿ ಬೈದ. ತುಟಿ ನೋಡಿ ಓದಿಕೊಂಡೆ. “ಕಿವುಡೀನಾ ನೀನು?” ಎಂದ. ಚಲುವ, ಅವನೊಬ್ಬನೇ ನನಗೆ ಮುಖಕ್ಕೆ ನಿಜ ಹೇಳಿದವನು. ಹೌದು ಎಂದು ತಲೆ ಆಡಿಸಿದೆ. ಅದಾದ ಮೇಲೆ ಬೆಂಗಳೂರಿನಲ್ಲಿ ಹೆಜ್ಜೆಗೊಂದು ಸಲ ಹಿಂದೆ ತಿರುಗಿ ನೋಡುತ್ತೇನೆ. ಲಗ್ಗೆರೆಯಿಂದಾದರೆ ದಿನಾ ಎರಡು ಬಸ್ಸು ಹತ್ತಿ ಇಳಿಯಬೇಕಿತ್ತು. ಅಷ್ಟರಲ್ಲಿ ನಿನ್ನ ಕಾಗದ ಬಂತು. ಗೋಡೆ ಗಡಿಯಾರ ಬೀದಿಗೆ ಕೇಳಿಸುವ ಊರು ಎಂದು ಬರೆದಿದ್ದೆ. ಅದೊಂದನ್ನು ಮಾತ್ರ ಅವ್ವನಿಗೆ ನೀನು ಬರೆದಂತೆಯೇ ಓದಿದೆ. ಮಿಕ್ಕದ್ದು ನನ್ನದು.

ಅವ್ವ ಹೇಳಿ ಬರೆಸಿದ್ದನ್ನು ಬದಲಾಯಿಸಿದೆ ಎನ್ನುತ್ತೀಯ. ಕಾಗದದ ಮೇಲೆ ಕಣ್ಣಿಟ್ಟರೆ ಅವ್ವನ ತುಟಿ ಕಾಣುವುದಿಲ್ಲ, ತುಟಿ ನೋಡಿದರೆ ಬರೆಯಲಾಗುವುದಿಲ್ಲ. ಅವಳು ಏನು ಹೇಳಿದಳೋ ನನಗೆ ಅರ್ಧ ಗೊತ್ತಿಲ್ಲ. ಫೋನಿನಲ್ಲಿ ನೀನು ಏನು ಹೇಳಿದೆಯೋ ಅದು ಗೊತ್ತಾದದ್ದೇ ನಿನ್ನ ಮುಂದಿನ ಕಾಗದ ಓದಿದಾಗ. ಒಳ್ಳೆಯದಾಯಿತು ಎಂದೆನಲ್ಲ. ಆ ದಿನ ಬಚ್ಚಲಲ್ಲಿ ಕೂತು ಅತ್ತೆ, ನನ್ನ ಅಳು ನನಗೆ ಕೇಳಿಸಲಿಲ್ಲ. ಅವ್ವ ಬಂದು ಬಾಗಿಲು ತಟ್ಟಿದಳೋ ಏನೋ, ಅದೂ ಗೊತ್ತಿಲ್ಲ.

ಅವ್ವನಿಗೆ ಹೇಳಬೇಡ. ಹೋದ ವರ್ಷ, “ಕರುದ್ರೆ ಓಗೊಡಲ್ಲ, ಅಷ್ಟು ಕೊಬ್ಬಾ ನಿಂಗೆ?” ಎಂದು ಮುದ್ದೆ ಕೋಲಿನಲ್ಲಿ ಬೆನ್ನಿಗೆ ಹೊಡೆದಳಲ್ಲ, ನೀನೇ ಕಿತ್ತುಕೊಂಡೆ. ಈಗ ಹೇಳಿದರೆ ಆ ಏಟು ತಿರುಗಿ ಅವಳಿಗೆ ಬೀಳುತ್ತದೆ. ನನಗೆ ವಾಸಿಯಾಯಿತು, ಅವಳಿಗೆ ವಾಸಿಯಾಗುವುದಿಲ್ಲ.

ಇಷ್ಟೇ. ಇನ್ನು ಮುನಿರತ್ನಮ್ಮನಿಗೆ ಬರೆಯುವುದಾದರೆ ಬರಿ.

ನಿನ್ನ ಅಕ್ಕ
ಗಂಗಲಕ್ಷ್ಮಿ


ಚನ್ನಪಟ್ಟಣ
18-4-1994

ಅಕ್ಕ,

ಮುನಿರತ್ನಮ್ಮನಿಗೆ ಬರೆದಿಟ್ಟಿದ್ದೆ, ಅಂಟಿಸಿಯೂ ಆಗಿತ್ತು. ಹರಿದುಹಾಕಿದೆ. ಬರೆದ ನಿಜವನ್ನು ನಾನು ಕಳಿಸದೆ ಬಿಟ್ಟದ್ದು ಇದೇ ಮೊದಲು.

ನಿನ್ನ ಕಾಗದ ಓದಿದ ದಿನ ಏನು ಮಾಡಿದೆನೋ ಗೊತ್ತಿಲ್ಲ. ಲೇತಿನ ಮುಂದೆ ಕೂತಿದ್ದೆ, ಮೋಟರು ಹಾಕಿಯೇ ಇರಲಿಲ್ಲ. ಎಲ್ಲ ಒಂದೊಂದಾಗಿ ನೆನಪಾಗುತ್ತಿತ್ತು. ನಾನು ಹಿಂದಿನಿಂದ ಕರೆದರೆ ತಿರುಗದ ನೀನು. ರೇಡಿಯೋ ಕೆಟ್ಟಿದೆ ಎಂದರೆ “ಚೆನ್ನಾಗೈತಲ್ಲ” ಎಂದ ನೀನು. ನಿನ್ನನ್ನು ‘ಮಹಾರಾಣಿ’ ಎಂದು ಅಣಕಿಸುತ್ತಿದ್ದೆ. ನಾನು ಕಂಡದ್ದನ್ನು ಕಂಡಂತೆ ಹೇಳುವವನು ಎಂದು ಎದೆ ತಟ್ಟಿಕೊಂಡು ತಿರುಗಿದವನು. ಎರಡು ವರ್ಷ ಒಂದೇ ಸೂರಿನ ಕೆಳಗೆ ಇದ್ದು ಇದು ನನಗೆ ಕಾಣಲಿಲ್ಲ.

ಆದರೂ ಒಂದು ಮಾತು. ಈ ಊರು ಸುಮ್ಮನಿದೆ ಎಂದು ನಾನು ಬರೆದದ್ದು ಕಿವಿ ಇದ್ದವನ ಮಾತು. ಅದನ್ನು ನಂಬಿ ನೀನು ಬರುವುದು ತಪ್ಪು. ಅದಕ್ಕೆ ನಿನ್ನೆ ಎರಡು ಕಿವಿಗೂ ಹತ್ತಿ ತುರುಕಿ, ಮೇಲೆ ಮೇಣ ಒತ್ತಿ, ಟವೆಲ್ಲು ಸುತ್ತಿಕೊಂಡು ಊರೆಲ್ಲ ತಿರುಗಿ ಬಂದೆ. ಕಂಡದ್ದು ಬರೆಯುತ್ತೇನೆ.

ಗುಲ್ಜಾರ್ ಬೀ ಮನೆಯಿಂದ ಶೆಡ್ಡಿಗೆ ಮೂರು ತಿರುವು. ಮೊದಲ ಎರಡರಲ್ಲಿ ತೊಂದರೆ ಇಲ್ಲ. ಮೂರನೆಯದರಲ್ಲಿ ಸೈಕಲ್ಲಿನವನೊಬ್ಬ ಹಿಂದಿನಿಂದ ಬಂದು ಗುದ್ದಿದ. ಬೆಲ್ಲು ಮಾಡಿದ್ದನಂತೆ. ಅಲ್ಲಿ ನೀನು ಎಡಗಡೆಯ ಗೋಡೆ ಸವರಿಕೊಂಡೇ ನಡೆಯಬೇಕು. ಸಂತೆಯ ದಿನ ಪೇಟೆ ಬೀದಿಗೆ ಒಬ್ಬಳೇ ಹೋಗಬಾರದು, ಎತ್ತಿನ ಗಾಡಿಗಳು ಹಿಂದಿನಿಂದ ಬರುತ್ತವೆ, ಗಾಡಿಯವರು ಬಾಯಲ್ಲಿ ಹೋಯ್ ಎನ್ನುವುದು ಬಿಟ್ಟರೆ ಬೇರೆ ಗುರುತಿಲ್ಲ.

ಆಮೇಲೆ ದೊಡ್ಡ ರಸ್ತೆಗೆ ಹೋದೆ, ಬೆಂಗಳೂರು ಮೈಸೂರು ರಸ್ತೆ. ಅದು ಈ ಊರನ್ನು ಸೀಳಿಕೊಂಡೇ ಹೋಗುತ್ತದೆ. ಅಂಚಿನಲ್ಲಿ ನಿಂತಿದ್ದೆ. ಮೈಗೆ ಗಾಳಿ ಬಡಿಯಿತು, ಆಮೇಲೆ ಲಾರಿ ಕಂಡಿತು. ಅಷ್ಟು ದೊಡ್ಡದು ಒಂದಿಷ್ಟೂ ಸದ್ದಿಲ್ಲದೆ ಅಂಗಿ ಸವರಿಕೊಂಡು ಹೋಯಿತು. ನಾನು ಹಾಗೇ ಕುಕ್ಕರಿಸಿದೆ. ಟೀ ಅಂಗಡಿಯ ತಿಮ್ಮಯ್ಯ ಓಡಿ ಬಂದು ತೋಳು ಹಿಡಿದೆತ್ತಿ ಏನೋ ಬೈಯುತ್ತಿದ್ದರು. ತುಟಿ ನೋಡಿದೆ. ನಿನ್ನ ಹಾಗೆ ಓದಲು ನನಗೆ ಬರಲಿಲ್ಲ. ಟವೆಲ್ಲು ಬಿಚ್ಚಿ ಹತ್ತಿ ತೆಗೆದೆ.

“ಸಾಯಕ್ಕೆ ನಿಂಗೆ ನನ್ನಂಗ್ಡಿ ಮುಂದೇನೇ ಬೇಕಿತ್ತೇನ್ಲಾ?”

“ಇಲ್ಲ ಕಣಣ್ಣೋ, ನಮ್ಮಕ್ಕ ಬತ್ತಾಳೆ. ರೋಡು ನೋಡ್ತಿದ್ದೆ.”

“ನಿಮ್ಮಕ್ಕಂಗೂ ನಿನ್ನಂಗೇ ತಲೆ ಕೆಟ್ಟೈತಾ?”

ಇಲ್ಲ, ಕಿವಿ ಎಂದೆ. ತಿಮ್ಮಯ್ಯ ಟೀ ಕೊಟ್ಟರು. ಒಬ್ಬರಿಗೆ ಹೇಳಿಬಿಟ್ಟಿದ್ದೇನೆ, ಕ್ಷಮಿಸು. ಕೇಳಿದರು, ಬಾಯಿಗೆ ಬಂತು. ದೊಡ್ಡ ರಸ್ತೆ ದಾಟುವ ಕೆಲಸ ನಿನಗೆ ಇಲ್ಲಿ ಬೀಳುವುದಿಲ್ಲ. ಮನೆ, ಶೆಡ್ಡು, ಸೊಸೈಟಿ ಎಲ್ಲ ಈಚೆ ಕಡೆಗೇ ಇವೆ. ನಾನು ಎರಡು ಸಲ ನಡೆದು ನೋಡಿದ್ದೇನೆ.

ಕೆಲಸದ ಬಗ್ಗೆ. ಗುಲ್ಜಾರ್ ಬೀ ಇನ್ನೂ ಹಿತ್ತಲಲ್ಲಿ ಹಳೇ ಲೇತು ಇಟ್ಟುಕೊಂಡಿದ್ದಾರೆ. ಬಿಲ್ಲಿನಂಥ ಕೋಲನ್ನು ಕೈಯಲ್ಲಿ ಎಳೆದು ತಿರುಗಿಸುವುದು, ಮೋಟರಿಲ್ಲ. ನಿನಗೆ ಕಲಿಸುತ್ತೀರಾ ಎಂದು ಕೇಳಿದೆ, ಕಿವಿಯ ವಿಷಯ ಅವರಿಗೂ ಹೇಳಬೇಕಾಯಿತು. ಆದರೆ ಮರದ ಸದ್ದು ಕೇಳಿಯೇ ಉಳಿ ಹಿಡಿಯಬೇಕಲ್ಲ, ಗೌಸ್ ಭಾಯ್ ಹೇಳಿದ್ದಾರೆ ಎಂದೆ.

“ಗೌಸ್‌ಗೆ ಕಲ್ಸಿದ್ದು ಯಾರು?” ಎಂದರು ಬೀ. “ಅವ್ನಿಗೆ ಬೆರಳು ದಪ್ಪ, ಅದಕ್ಕೆ ಕಿವಿ ಕೊಡು ಅಂದಿದ್ದೆ. ಮರ ಹೇಳೋದು ಬೆರಳಿಗೆ. ರೇಷ್ಮೆ ಎಳೆ ಹಿಡ್ದ ಕೈ ಅಲ್ವಾ ನಿಮ್ಮಕ್ಕಂದು? ಕರ್ಕೊಂಬಾ.”

ನೀರು ಮಾತ್ರ ಸವುಳೇ. ಅದನ್ನು ನಾನು ಬದಲಾಯಿಸಿ ಹೇಳಲಾರೆ. ಚೇಳು ಆಮೇಲೆ ಇನ್ನೊಂದು ಕಂಡಿತು.

ಅವ್ವನಿಗೆ ನಾನಾಗಿ ಹೇಳುವುದಿಲ್ಲ. ಅವಳೇ ಕೇಳಿದರೆ ಇಲ್ಲ ಎನ್ನಲು ನನ್ನಿಂದಾಗುವುದಿಲ್ಲ, ಇದನ್ನು ಈಗಲೇ ಬರೆದಿಡುತ್ತಿದ್ದೇನೆ. ಆಮೇಲೆ ಮೋಸ ಮಾಡಿದೆ ಎನ್ನಬೇಡ.

ಬನ್ನಿ. ಈ ಸಲ ಇದು ನನ್ನ ಮಾತು.

ಚಲುವಯ್ಯ


ಚನ್ನಪಟ್ಟಣ, ಮನೆಯಿಂದಲೇ
10-7-1994

ಅಕ್ಕ,

ಒಂದೇ ಮನೆಯಲ್ಲಿ ಇದ್ದುಕೊಂಡು ಕಾಗದ ಬರೆಯುವುದು ನಗುವ ಮಾತು. ನೀನು ಹಿತ್ತಲಲ್ಲಿ ಲೇತಿನ ಮುಂದೆ ಕೂತಿದ್ದೀಯ, ಕಿಟಕಿಯಿಂದ ನಿನ್ನ ಬೆನ್ನು ಕಾಣುತ್ತಿದೆ. ಎಡಗೈಯ ಎರಡು ಬೆರಳನ್ನು ಮರದ ಪಕ್ಕದಲ್ಲಿ ಒತ್ತಿಕೊಂಡಿದ್ದೀಯ. ಆದರೆ ಇದನ್ನು ತುಟಿ ನೋಡಿ ಓದಿಕೊಳ್ಳುವಂತೆ ಹೇಳಲು ನನಗೆ ಧೈರ್ಯವಿಲ್ಲ.

ಅವ್ವ ಕೇಳಿದಳು. ನಾನು ಹೇಳಿದೆ.

ಹದಿನೈದು ದಿನದ ಹಿಂದಿನ ಮಾತು. ನೀನು ಹೀಗೇ ಕೂತಿದ್ದೆ. ಅವ್ವ ಅಕ್ಕಿ ಆರಿಸುತ್ತ ಹೊಸ್ತಿಲಲ್ಲಿ ಕೂತಿದ್ದಳು. ಮೊರ ಕೆಳಗಿಟ್ಟು, “ಚಲುವ, ಆ ಕಾಗ್ದ ನಿಂದಲ್ಲ ಅಲ್ವಾ?” ಎಂದಳು.

ಯಾವ ಕಾಗದ ಎಂದೆ.

“ಎಳನೀರಿನಂಗೈತೆ ನೀರು ಅಂತ ಓದುದ್ಲಲ್ಲ ಅವ್ಳು, ಅದು. ನಾನು ಅಕ್ಷರ ಕಲ್ತಿಲ್ಲ, ಮಗ್ನ ಕಲ್ತಿಲ್ವಾ? ನೀನು ಮದ್ವೆಮನೆ ಪಾಯ್ಸಕ್ಕೇ ಉಪ್ಪೈತೆ ಅಂತ ಹೇಳ್ದೋನು. ಒಂದೂರ್ನ ಅಷ್ಟು ಹೊಗಳೋ ಮುಂಡೇದಾ ನೀನು?”

ನಾನು ಕೇಳಿದೆ, “ಗೊತ್ತಿದ್ದೂ ಯಾಕವ್ವ ಬಂದೆ?”

“ಅವ್ಳು ಹುಟ್ದಾಗಿಂದ ಒಂದು ಸುಳ್ಳು ಹೇಳ್ದೋಳಲ್ಲ. ಅಷ್ಟೊಂದ್ ಹೇಳ್ತಾವ್ಳೆ ಅಂದ್ರೆ ಬೆಂಗ್ಳೂರಾಗೆ ಇರಕ್ಕಾಗ್ದಂಗೆ ಏನೋ ಆಗೈತೆ ಅನ್ಕಂಡೆ. ಯಾವನಾದ್ರೂ ಹಿಂದೆ ಬಿದ್ದವ್ನೇನೋ ಅನ್ಕಂಡೆ. ಕೇಳುದ್ರೆ ಇನ್ನೊಂದು ಸುಳ್ಳು ಹೇಳ್ಬೇಕಾಯ್ತದೆ ಅವ್ಳು. ಅದಕ್ಕೆ ಗಂಟು ಕಟ್ದೆ. ಈಗ ಹೇಳು, ಏನಾಗಿತ್ತು?”

ಅಕ್ಕ, ನಾವಿಬ್ಬರೂ ಅವ್ವನನ್ನು ಓದಿ ಹೇಳಿದ್ದನ್ನಷ್ಟೇ ಕೇಳುವವಳು ಎಂದುಕೊಂಡಿದ್ದೆವು. ಅವಳು ನಮ್ಮಿಬ್ಬರನ್ನೂ ಓದಿ ಮುಗಿಸಿಕೊಂಡೇ ಟೆಂಪೋ ಹತ್ತಿದ್ದಳು. ತಾನು ನಂಬಿದ ಒಂದು ಮಾತೂ ಇಲ್ಲದೆ ಇಪ್ಪತ್ತು ವರ್ಷದ ಮನೆ ಬಿಟ್ಟು ಬಂದಳು.

ಕಿವಿ ಎಂದೆ. ಒಂದೇ ಮಾತು. ಮೊದಲು ಅವಳಿಗೆ ಗೊತ್ತಾಗಲಿಲ್ಲ. ಆಮೇಲೆ ಹೊಸ್ತಿಲಿಂದಲೇ ನಿನ್ನ ಬೆನ್ನಿಗೆ, “ಗಂಗಾ” ಎಂದು ಕೂಗಿದಳು. ನೀನು ಅರಗು ಒತ್ತುತ್ತಿದ್ದೆ. ಇನ್ನೊಂದು ಸಲ ಕೂಗಿದಳು. ಮೂರನೆಯ ಸಲಕ್ಕೆ ಪಕ್ಕದ ಮನೆಯವರು ಬಗ್ಗಿ ನೋಡಿದರು. ನೀನು ತಿರುಗಲಿಲ್ಲ. ಅವ್ವ ತನ್ನ ಬಲಗೈಯನ್ನು ಮುಂದಕ್ಕೆ ಹಿಡಿದು ನೋಡಿಕೊಂಡಳು, ಅದು ಬೇರೆ ಯಾರದೋ ಕೈ ಎನ್ನುವಂತೆ. ಮುದ್ದೆ ಕೋಲಿನ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮಾರನೆಯ ದಿನದಿಂದ ಮುದ್ದೆ ಕೂಡಿಸಲು ಅವಳು ಬೇರೆ ಕೋಲು ಹಿಡಿದಿದ್ದಾಳೆ, ನೀನೂ ನೋಡಿರಬೇಕು. ಹಳೆಯದು ಎಲ್ಲಿ ಎಂದು ನೀನು ಕೇಳಿದ್ದಕ್ಕೆ ಒಲೆಗೆ ಹಾಕಿದೆ ಎಂದಳು. ಅದು ನಿಜ.

ಅವಳಿಗೆ ಗೊತ್ತೆಂದು ನಿನಗೆ ಹೇಳುತ್ತೇನೆ ಎಂದೆ. ಬೇಡ ಎಂದಳು. ಹಾಗಾದರೆ ಹೇಳಬೇಕಾದ್ದನ್ನು ನೀನೇ ಹೇಳವ್ವ, ಬರೆದುಕೊಡುತ್ತೇನೆ ಎಂದೆ. ರೇಗಿಬಿಟ್ಟಳು.

“ಅವ್ಳು ಬರುದ್ರೆ ಅವ್ಳ ಮಾತಾಯ್ತದೆ, ನೀನು ಬರುದ್ರೆ ನಿನ್ ಮಾತಾಯ್ತದೆ. ನನ್ ಮಾತು ಯಾವತ್ತು ಕಾಗ್ದುಕ್ಕೆ ಬಂದಿತ್ಲಾ?”

ಮಧ್ಯಾಹ್ನ ನೀನು ಕಡೆದ ಗೊಂಬೆ ಕೊಡಲು ಶೆಡ್ಡಿಗೆ ಹೋದಾಗಲೆಲ್ಲ ಸ್ಲೇಟು ಹಿಡಿದು ಕೂರುತ್ತಾಳೆ. ಪರೀಕ್ಷೆಯಿಂದ ಎದ್ದು ಬಂದವನು ಮೇಷ್ಟ್ರಾಗಿದ್ದೇನೆ. ಹೇಳಿಕೊಟ್ಟರೆ ಬರೆಯುವುದಿಲ್ಲ, ಕೈ ಹಿಡಿದರೆ ಕೊಡವುತ್ತಾಳೆ. ಬಳಪ ಮುರಿದು ನನ್ನನ್ನೇ ಬೈಯುತ್ತಾಳೆ. ಅ ಆ ಇ ಈ ಎಂದು ಶುರುಮಾಡಿದರೆ, “ಅದೆಲ್ಲ ನಂಗ್ಯಾಕೆ? ನಂಗೆ ಬೇಕಾದಷ್ಟು ಕೊಡು,” ಎಂದಳು. ಹದಿನೈದು ದಿನದಲ್ಲಿ ಬೇಕಾದಷ್ಟು ಕಲಿತಿದ್ದಾಳೆ. ಮೂರೇ ಅಕ್ಷರ.

ಈಗ ಮುದ್ದೆ ಆಗಿದೆ. ಈ ಹಾಳೆಯನ್ನು ನಿನ್ನ ಲೇತಿನ ಮೇಲೆ ಇಟ್ಟು ಬರಲು ನನ್ನನ್ನು ಕಳಿಸುತ್ತಿದ್ದಾಳೆ. ತಾನು ಬಾಗಿಲಲ್ಲಿ ನಿಂತಿರುತ್ತಾಳಂತೆ. ಓದಿದ ಮೇಲೆ ತಿರುಗಿ ನೋಡು.

ಕೆಳಗಿರುವುದು ನನ್ನ ಕೈಬರಹವಲ್ಲ.

ಚಲುವಯ್ಯ

ಗಂಗ ಬಾ